ಅಳುವಿಗೆ ಮೊದಲಿನ ಉಸಿರು

ಗದಗಿನ ಪತ್ತಾರ ಓಣಿಯ ಸುತ್ತಮುತ್ತ ಹುಟ್ಟಿದವರಲ್ಲಿ ಅಕ್ಕಸಾಲಿಗ ಮಾನಪ್ಪ ಪತ್ತಾರನ ಕೈಯಲ್ಲಿ ಕಿವಿ ಚುಚ್ಚಿಸಿಕೊಳ್ಳದವರು ಅಪರೂಪ. ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಣ್ಯರು ಒಂದು ಕಾಲಕ್ಕೆ ಸೋದರಮಾವನ ತೊಡೆಯ ಮೇಲೆ ಕೂತು, ಇವನ ಕೈಯ ಚಿನ್ನದ ತಂತಿ ಕಂಡು ಓಣಿ ಹಾರಿಹೋಗುವಂತೆ ಕಿರುಚಿದವರೇ. ಅಂಥ ಮಾನಪ್ಪನಿಗೆ ತನಗೆ ಚುಚ್ಚುವ ಸೂಜಿಯೆಂದರೆ ಜೀವಭಯ. ದೇವರಿಗೂ ಒಂದಿಷ್ಟು ತಮಾಷೆಯ ಸ್ವಭಾವ ಇದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ: ಇಂಥವನಿಗೇ ಸಕ್ಕರೆ ಕಾಯಿಲೆ ಕೊಟ್ಟ, ಅದರಲ್ಲೂ ಮಾತ್ರೆಗೆ ಜಗ್ಗದಂಥದ್ದನ್ನೇ ಕೊಟ್ಟ.

ಬೆಳಗಾದರೆ ಆ ಮನೆಯಲ್ಲಿ ಒಂದು ಆಟ. ಹೆಂಡತಿ ಅಂಬವ್ವ ಇನ್ಸುಲಿನ್ ಸೂಜಿ ಹಿಡಿದು ನಿಲ್ಲುವುದು, ಮಾನಪ್ಪ ಬಚ್ಚಲಮನೆ ಹೊಕ್ಕು ಚಿಲಕ ಹಾಕಿಕೊಳ್ಳುವುದು.

"ರೀ, ಹೊರಗ ಬರ್ರಿ. ಚಾ ಆರಾಕತ್ತೈತಿ."

"ಚಾ ಅಷ್ಟ ಐತೋ, ಮತ್ತೇನರ ಐತೋ?"

"ಎರಡೂ ಅದಾವ. ಮೊದಲ ಒಂದು, ಆಮ್ಯಾಲೆ ಒಂದು."

"ಹಂಗಾರ ಚಾ ನೀನ ಕುಡಿ."

ಮಗ ಗಂಗಾಧರ ಅಂಗಡಿಗೆ ಹೊರಡುವ ಹೊತ್ತಿಗೆ ಈ ರಾಯಭಾರ ಮುಗಿದಿರುತ್ತಿರಲಿಲ್ಲ. ಅರ್ಧಕ್ಕರ್ಧ ದಿನಗಳಲ್ಲಿ ಮಾನಪ್ಪನೇ ಗೆಲ್ಲುತ್ತಿದ್ದ. ಹಾಗೆ ಗೆದ್ದೂ ಗೆದ್ದೂ ಕಣ್ಣು ಸೋಲುತ್ತ ಬಂದಿದ್ದವು. ಮೂಗುತಿಯ ಹರಳು ಎರಡಾಗಿ ಕಾಣುತ್ತಿತ್ತು, ಗುಂಡಿನ ಸರದ ಗುಂಡುಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ರಕ್ತದಲ್ಲಿ ಸಕ್ಕರೆ ಏರಿ ಕಣ್ಣಿನ ಮಸೂರ ಉಬ್ಬಿದೆ, ಈಗಲೇ ಸಕ್ಕರೆ ಇಳಿದರೆ ಕಣ್ಣು ಮತ್ತೆ ತಿಳಿಯಾಗುತ್ತದೆ, ಹೀಗೇ ಬಿಟ್ಟರೆ ಹಿಂದಿನ ಪರದೆಯೇ ಕೆಟ್ಟು, ಆಮೇಲೆ ಯಾವ ಕನ್ನಡಕವೂ ಕೆಲಸಕ್ಕೆ ಬರುವುದಿಲ್ಲ. ಅಕ್ಕಸಾಲಿಗನಿಗೆ ಕಣ್ಣು ಹೋದರೆ ಉಳಿಯುವುದಾದರೂ ಏನು? ಅದು ಮಾನಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಸೂಜಿ ಕಂಡ ಕೂಡಲೇ ಕಾಲು ಬಚ್ಚಲಮನೆಯ ಕಡೆಗೇ ಓಡುತ್ತಿದ್ದವು.

ಇದೆಲ್ಲ ನಡೆಯುವ ಕಾಲಕ್ಕೆ ಓಣಿಯ ಪ್ರತಿ ಅಂಗಡಿಯಲ್ಲೂ ಲೇಸರ್ ಬೆಸುಗೆಯ ಯಂತ್ರ ಬಂದಿತ್ತು. ಗಂಗಾಧರನೂ ಒಂದನ್ನು ತಂದಿದ್ದ. ಪುಟ್ಟ ಪೆಟ್ಟಿಗೆಯಂಥ ಯಂತ್ರದೊಳಗೆ ಕೈ ತೂರಿಸಿ ಗುಂಡಿ ಒತ್ತಿದರೆ ಚಿಟಿಕೆ ಹೊಡೆಯುವುದರೊಳಗೆ ಬೆಸುಗೆ ಮುಗಿಯುತ್ತಿತ್ತು. ಮಾನಪ್ಪ ಮಾತ್ರ ತನ್ನ ಅಗ್ಗಿಷ್ಟಿಕೆ ಬಿಡಲಿಲ್ಲ, ಊದುಗೊಳವೆ ಬಿಡಲಿಲ್ಲ. ಆ ಕೊಳವೆ ಊದುವುದೂ ಒಂದು ವಿದ್ಯೆ. ಬೆಂಕಿಯ ನಾಲಿಗೆ ನಡುವೆ ಮುರಿಯಬಾರದು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಕೊಳವೆಗೆ ಬಿಡುತ್ತಿರುವಾಗಲೇ ಮೂಗಿನಿಂದ ಉಸಿರಾಡಿಕೊಳ್ಳಬೇಕು. ಅವನ ಅಪ್ಪ ಇದನ್ನು ನೀರಿನ ಬಟ್ಟಲಿನಲ್ಲಿ ಗೋಧಿ ದಂಟಿನ ಕೊಳವೆ ಇಟ್ಟು ಕಲಿಸಿದ್ದ. ಗುಳ್ಳೆ ನಿಂತರೆ ಬೆನ್ನಿಗೆ ಏಟು. ಏಟು ತಿಂದು ಕಲಿತ ವಿದ್ಯೆ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ತೋಳಿಗೆ ತೊಡುವ ಒಂದಿಡೀ ವಂಕಿಯ ಬೆಸುಗೆ ಮುಗಿಯುವ ತನಕ ಅವನ ಗಾಳಿ ಒಮ್ಮೆಯೂ ಕಡಿಯುತ್ತಿರಲಿಲ್ಲ.

ಕಿವಿ ಚುಚ್ಚುವುದರಲ್ಲೂ ಅಪ್ಪ ಕಲಿಸಿದ ಒಂದು ಗುಟ್ಟಿತ್ತು. ಮೊದಲ ಕಿವಿಗೆ ತಂತಿ ಹೋದ ಕೂಡಲೇ ಮಗು ಅಳುವುದಿಲ್ಲ. ಬಾಯಿ ಅಗಲ ತೆರೆದು, ಸದ್ದಿಲ್ಲದೆ, ಎದೆ ತುಂಬ ಉಸಿರು ಎಳೆದುಕೊಳ್ಳುತ್ತದೆ. ಅಳು ಬರುವುದು ಆಮೇಲೆ. ಆ ಮೌನದಲ್ಲೇ ಎರಡನೆಯ ಕಿವಿ ಮುಗಿಸಬೇಕು. ಅಳು ಶುರುವಾಯಿತೆಂದರೆ ಬ್ರಹ್ಮ ಬಂದರೂ ಆ ತಲೆ ನಿಲ್ಲುವುದಿಲ್ಲ.

ಇಂಥ ಮಾನಪ್ಪನನ್ನು ಧಾರವಾಡದ ಶ್ವಾಸೌಷಧ ಕೇಂದ್ರಕ್ಕೆ ಕರೆದುಕೊಂಡು ಹೋದವಳು ಅಂಬವ್ವ. ಟೀವಿಯಲ್ಲಿ ನೋಡಿದ್ದಳಂತೆ, ಚುಚ್ಚದೆ ಇನ್ಸುಲಿನ್ ಕೊಡುವ ಪ್ರಯೋಗಕ್ಕೆ ಜನ ಬೇಕಾಗಿದ್ದಾರೆ ಎಂದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾನಪ್ಪ, "ಅಲ್ಲೂ ಒಂದು ಸೂಜಿ ಇಟ್ಟಿರ್ತಾರ, ನೋಡಾಕ ಬಿಡಂಗಿಲ್ಲ ಅಷ್ಟ" ಎಂದು ಗೊಣಗಿದ.

ಸೂಜಿ ಇರಲಿಲ್ಲ. ತಬಸ್ಸುಮ್ ನದಾಫ್ ಎಂಬ ಡಾಕ್ಟರಬಾಯಿ ಇದ್ದರು. ವಯಸ್ಸು ನಲವತ್ತರ ಹತ್ತಿರ, ದಪ್ಪ ಕನ್ನಡಕ, ಮಾತಿನಲ್ಲಿ ಅಪ್ಪಟ ಹುಬ್ಬಳ್ಳಿ. ಅವರ ಅಜ್ಜ ಹತ್ತಿ ಹಿಂಜುತ್ತಿದ್ದವರು. ಹಿಂಜಿದ ಹತ್ತಿಯ ಧೂಳು ಉಸಿರಿನ ಜೊತೆ ಒಳಗೆ ಹೋಗಿ ಹೋಗಿ ಪುಪ್ಪುಸ ಕಟ್ಟಿಕೊಂಡು ತೀರಿಹೋದರು. "ಉಸಿರಿನ್ಯಾಗ ಹೋದ ಧೂಳು ಮನುಷ್ಯಾನ್ನ ಕೊಲ್ತೈತಿ ಅಂದ್ರ, ಉಸಿರಿನ್ಯಾಗ ಹೋದ ಪುಡಿ ಯಾಕ ಬದುಕಿಸಬಾರದು ಅಂತ ಸಣ್ಣಾಕಿ ಇದ್ದಾಗಿಂದ ನನ್ನ ತಲ್ಯಾಗ ಕುಂತುಬಿಟ್ಟೈತ್ರಿ ಕಾಕಾರ" ಎಂದರು ಅವರು ಮೊದಲ ದಿನವೇ.

ಅವರ ಆ ಪ್ರಶ್ನೆಯಿಂದ ಹುಟ್ಟಿದ್ದು ನಿದ್ದೆಪುಡಿ. ಉಸಿರಿನಲ್ಲಿ ಸೇದುವ ಇನ್ಸುಲಿನ್ ಹಿಂದೆಯೂ ಬಂದಿತ್ತು. ಆದರೆ ಪ್ರತಿ ಊಟಕ್ಕೂ ಸೇದಬೇಕು, ಅದರ ಜೊತೆಗೆ ದಿನಕ್ಕೊಂದು ಸೂಜಿಯನ್ನೂ ಚುಚ್ಚಿಕೊಳ್ಳಬೇಕಾಗುತ್ತಿತ್ತು. ನಿದ್ದೆಪುಡಿ ಹಾಗಲ್ಲ. ಅದರ ಒಂದೊಂದು ಕಣದ ಮೇಲೂ ತೆಳ್ಳನೆಯ ಕವಚ. ಬೆಳಿಗ್ಗೆ ಒಂದೇ ಉಸಿರು ಸೇದಿದರೆ ಕೋಟಿಗಟ್ಟಲೆ ಕಣ ಪುಪ್ಪುಸದ ತಳಕ್ಕೆ ಹೋಗಿ ಕೂತು ನಿದ್ದೆ ಮಾಡುತ್ತವೆ. ಪಕ್ಕದಲ್ಲೇ ಹರಿಯುವ ರಕ್ತದಲ್ಲಿ ಸಕ್ಕರೆ ಏರಿದರೆ ಒಂದಿಷ್ಟು ಕಣ ಎಚ್ಚತ್ತು ಕವಚ ಬಿಚ್ಚುತ್ತವೆ, ಇಳಿದರೆ ಉಳಿದವು ಹಾಗೇ ಮಲಗಿರುತ್ತವೆ.

"ಗಾಳಿ ಚೀಲದಿಂದ ರಕ್ತಕ್ಕ ಹೆಂಗ ಹೊಕ್ಕಾವ್ರೀ ಬಾಯಾರ? ನಡುವ ಗ್ವಾಡಿ ಇರಂಗಿಲ್ಲನ?" ಎಂದು ಮಾನಪ್ಪ ಕೇಳಿದ.

"ಐತ್ರಿ. ಎಷ್ಟು ದಪ್ಪ ಹೇಳ್ರಿ ನೋಡೋಣು?"

"ಕಾಗದದಷ್ಟು?"

ತಬಸ್ಸುಮ್ ನಕ್ಕರು. "ನೀವು ದೇವರ ಮೂರ್ತಿಗೆ ಚಿನ್ನದ ವರಖು ಹಚ್ಚಿರೇನ್ರಿ?"

ಮಾನಪ್ಪ ಹಚ್ಚಿದ್ದ. ಕಾಳಮ್ಮನ ಗುಡಿಯ ಮೂರ್ತಿಗೆ ವರಖು ಹಚ್ಚುವಾಗ ಅಂಬವ್ವನಿಗೆ ಸೀನಬೇಡ ಎಂದು ಬೈದಿದ್ದ. ಉಸಿರು ತಾಗಿದರೆ ಹಾರಿ ಹರಿದುಹೋಗುವ ತೆಳು ಅದು.

"ಅಂಥಾ ನಾಕೈದು ವರಖು ಒಂದರ ಮ್ಯಾಲೊಂದು ಇಟ್ಟರ ಎಷ್ಟಾಗ್ತೈತೋ ಅಷ್ಟ ದಪ್ಪ ಆ ಗ್ವಾಡಿ. ಅಂಥಾ ಗ್ವಾಡಿ ಇರೋ ಚೀಲ ನಿಮ್ಮ ಎದಿಯೊಳಗ ಕೋಟಿಗಟ್ಟಲೆ ಅದಾವು. ಎಲ್ಲಾ ಬಿಡಿಸಿ ಹಾಸಿದ್ರ ನಿಮ್ಮ ಮನಿ ಪಡಸಾಲಿ ಸಾಲಂಗಿಲ್ಲ, ಅಂಗಳನೂ ಸಾಲಂಗಿಲ್ಲ."

ಮಾನಪ್ಪ ಒಮ್ಮೆ ತನ್ನ ಎದೆ ನೋಡಿಕೊಂಡ, ಒಮ್ಮೆ ಅಂಬವ್ವನ ಎದೆಯ ಮೇಲಿನ ಗುಂಡಿನ ಸರ ನೋಡಿದ. ಇಷ್ಟು ವರ್ಷ ಆ ಸರದ ತೂಕ ತನಗೆ ಗೊತ್ತಿತ್ತು. ಅದರ ಕೆಳಗೆ ಒಂದು ಗಳಿಗೆಯೂ ನಿಲ್ಲದೆ ಏಳುತ್ತ ಬೀಳುತ್ತ ಇದ್ದ ಇಂಥ ವರಖಿನ ಕೆಲಸವನ್ನು ತಾನು ಯೋಚಿಸಿಯೂ ಇರಲಿಲ್ಲ. ಯಾವ ಪತ್ತಾರ ಬಡಿದ ಇದನ್ನು? ಅವನ ಮೈ ಜುಮ್ಮೆಂದಿತು.

"ಪುಡಿ ಮಾತ್ರ ಅಳತಿ ತಪ್ಪಬಾರದು" ಎಂದು ತಬಸ್ಸುಮ್ ಮುಂದುವರಿಸಿದರು. "ಕಣ ದೊಡ್ಡದಾತಂದ್ರ ಗಂಟಲದಾಗ ಕುಂದ್ರತೈತಿ. ತೀರಾ ಸಣ್ಣದಾತಂದ್ರ ಹೋದ ಪುಟ್ಟ ಬಂದ ಪುಟ್ಟ, ಹೋದ ಉಸಿರಿನ ಜೋಡಿನ ಹೊರಗ ಬಂದುಬಿಡ್ತೈತಿ. ನಡುವಿಂದು ಅಷ್ಟ ತಳ ಮುಟ್ಟತೈತಿ. ನೀವು ಸಾವಕಾಶ, ಆಳಕ್ಕ ಉಸಿರು ಎಳಕೋಬೇಕು. ಅಷ್ಟ ನಿಮ್ಮ ಕೆಲಸ."

ಮೊದಲು ಪುಪ್ಪುಸದ ಪರೀಕ್ಷೆ ಆಯಿತು. ಯಂತ್ರಕ್ಕೆ ಜೋರಾಗಿ ಊದಬೇಕು. ಊದುವುದು ಅಂದರೆ ಕೇಳಬೇಕೆ! ಅಲ್ಲಿನ ಹುಡುಗಿಯರು ಓಡಿಬಂದು ನೋಡಿದರು. ಈ ವಯಸ್ಸಿನವರಲ್ಲಿ ಇಂಥ ಗಾಳಿ ಕಂಡಿಲ್ಲ ಎಂದರು. ಮಾನಪ್ಪ ಅಂಬವ್ವನ ಕಡೆ ಒಂದು ದೊಡ್ಡಸ್ತಿಕೆಯ ನೋಟ ಎಸೆದ. ಆಮೇಲೆ ಕೈಗೆ ಕೊಟ್ಟರು ಸೇದುವ ಸಾಧನವನ್ನು. ಬೆರಳುದ್ದ, ತುದಿಯಲ್ಲಿ ಪುಟ್ಟ ಕೊಳವೆ. ನೋಡಲು ಥೇಟ್ ಪೊಲೀಸರ ಸೀಟಿ. ಬಡಕಲು ಮುದುಕಿಯೂ ಎಳೆಯಬಲ್ಲಷ್ಟು ಹಗುರ ಮಾಡಿದ್ದರು. ಎಳೆದರೆ ಪುಡಿ ಹಾರಿ ಹಸಿರು ದೀಪ ಹತ್ತುತ್ತದೆ. ಮಾನಪ್ಪ ಎಳೆದ, ಹಸಿರು ದೀಪ ಹತ್ತಿತು. ಶಹಬ್ಬಾಸ್ ಎಂದು ತೋಳಿಗೆ ಸಕ್ಕರೆ ಅಳೆಯುವ ಬಿಲ್ಲೆ ಅಂಟಿಸಿ ಮನೆಗೆ ಕಳಿಸಿದರು. ಅದರ ಲೆಕ್ಕ ಅಂಬವ್ವನ ಫೋನಿಗೂ ಬರುತ್ತಿತ್ತು, ಧಾರವಾಡಕ್ಕೂ ಹೋಗುತ್ತಿತ್ತು.

ಮನೆಯಲ್ಲಿ ಹಬ್ಬ. ಬಚ್ಚಲಮನೆಯ ಚಿಲಕಕ್ಕೆ ವಿಶ್ರಾಂತಿ ಸಿಕ್ಕಿತು. ಮಾನಪ್ಪ ಬೆಳಿಗ್ಗೆ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಸೀಟಿ ಸೇದುತ್ತಿದ್ದ. ದಾರಿಹೋಕರು ನಿಂತು ನೋಡಿದರೆ, "ದಿನಕ್ಕ ಒಂದ ಉಸಿರು. ಹೊಟ್ಟಿಗೆ ಚುಚ್ಚಿಕೊಳ್ಳೂದು ಹಳೇ ಕಾಲದ್ದಾತು" ಎನ್ನುತ್ತಿದ್ದ.

ಆದರೆ ಸಕ್ಕರೆ ಇಳಿಯಲಿಲ್ಲ. ಮೊದಲು ಪುಡಿ ಒಗ್ಗಲು ಹೊತ್ತು ಬೇಕೆಂದುಕೊಂಡರು. ವಾರ ಕಳೆಯಿತು, ಇನ್ನೊಂದು ಕಳೆಯಿತು. ಪುಡಿ ಪೂರ್ತಿ ಖಾಲಿ, ಹಸಿರು ದೀಪ ದಿನವೂ ಹತ್ತುತ್ತದೆ, ಅಂಕಿ ಮಾತ್ರ ಏರಿದ್ದು ಏರಿದಂತೆಯೇ. ಅಂಬವ್ವನಿಗೆ ಅನುಮಾನ ಹುಟ್ಟಿತು. ಬೆಲ್ಲದ ಡಬ್ಬಿ ಟ್ರಂಕಿನೊಳಗೆ ಸೇರಿತು.

"ಖರೆ ಹೇಳ್ರಿ. ಸ್ಟೇಷನ್ ರೋಡಿನ್ಯಾಗ ಜಿಲೇಬಿ ತಿಂದೀರಿಲ್ಲ?"

"ಕಾಳಮ್ಮನ ಆಣಿ, ಮುಟ್ಟಿಲ್ಲ."

"ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲಂತ. ಜಿಲೇಬಿ ಬಿಡ್ತಾನೇನು!"

ಮಾನಪ್ಪನಿಗೆ ಕೋಪ ಬರಬೇಕಿತ್ತು, ಅಳು ಬಂತು. ಹೆಂಡತಿಯ ಮುಖ ಕೂಡ ಈಗ ಅವನಿಗೆ ಹೊಗೆಯ ಹಿಂದೆ ಇದ್ದಂತೆ ಕಾಣುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಮಗಳು ಸುವರ್ಣಾಳ ಕೂಸಿನ ಕಿವಿ ಚುಚ್ಚುವುದಿತ್ತು. ತನ್ನ ಮೊದಲ ಮೊಮ್ಮಗಳು. ಊರಿನ ಮಕ್ಕಳಿಗೆಲ್ಲ ಚುಚ್ಚಿ, ತನ್ನ ಮೊಮ್ಮಗಳಿಗೆ ಚುಚ್ಚುವ ಹೊತ್ತಿಗೆ ಕಣ್ಣು ಕೈಕೊಡುತ್ತಿವೆಯಲ್ಲ ಎಂದು ಅವನು ಚಿನ್ನದ ತಂತಿಯನ್ನು ಮತ್ತೆ ಮತ್ತೆ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ.

ತಬಸ್ಸುಮ್ ಅವನನ್ನು ಧಾರವಾಡಕ್ಕೆ ಕರೆಸಿದರು. ಅಲ್ಲೊಂದು ಕತ್ತಲೆ ಕೋಣೆ. ಅದರ ಒಂದಿಡೀ ಗೋಡೆಯೇ ಪರದೆ. ಪುಡಿಗೆ ಹೊಳೆಯುವ ಗುರುತು ಬೆರೆಸಿ ಕೊಟ್ಟರೆ, ಅದು ಮೈಯಲ್ಲಿ ಎಲ್ಲಿ ಹೋಗುತ್ತದೆಂದು ಆ ಗೋಡೆಯ ಮೇಲೆ ಆಗಲೇ ಕಾಣುತ್ತದೆ. ಮಾನಪ್ಪನನ್ನು ಯಂತ್ರದ ಮುಂದೆ ಕೂಡಿಸಿ ಸೀಟಿ ಕೊಟ್ಟರು. ಅವನು ಸೇದಿದ. ಹಸಿರು ದೀಪ ಹತ್ತಿತು.

ಗೋಡೆಯ ಮೇಲೆ ಎರಡು ಕೆನ್ನೆ ಹೊಳೆದವು, ನಾಲಿಗೆ ಹೊಳೆಯಿತು. ಅವನು ಉಗುಳು ನುಂಗಿದ. ಒಂದು ಬೆಳಕಿನ ಎಳೆ ಅನ್ನನಾಳದಲ್ಲಿ ಇಳಿದು ಹೊಟ್ಟೆಯಲ್ಲಿ ಹರಡಿತು. ಎದೆಯ ಎರಡೂ ಕಡೆ ಪುಪ್ಪುಸವಿದ್ದ ಜಾಗ ಅಮಾವಾಸ್ಯೆಯಂತೆ ಕಪ್ಪಗಿತ್ತು.

ತಬಸ್ಸುಮ್ ಗೋಡೆಯ ಹತ್ತಿರ ಹೋಗಿ ಆ ಕಪ್ಪು ಜಾಗವನ್ನು ದಿಟ್ಟಿಸಿದರು. ಆಮೇಲೆ, "ಕಾಕಾರ, ಇನ್ನೊಮ್ಮೆ ಖಾಲೀದು ಸೇದ್ರಿ" ಎಂದು ಹತ್ತಿರ ಬಂದು, ಅವನ ಮೂಗಿನ ಕೆಳಗೆ ಬೆರಳು ಹಿಡಿದರು. ಕೊಳವೆ ತುಟಿಗೆ ತಾಗಿದ ಕೂಡಲೇ ಮೂಗಿನಲ್ಲಿ ಉಸಿರು ಓಡಾಡತೊಡಗಿತ್ತು. ನಾಲಿಗೆಯ ಬುಡ ಗಂಟಲಿಗೆ ಬಾಗಿಲು ಹಾಕಿತ್ತು. ಸೇದುತ್ತಿದ್ದುದು ಎದೆಯಲ್ಲ, ಬರೀ ಕೆನ್ನೆ. ಒಂದಿಡೀ ಆಯುಷ್ಯ ಊದುಗೊಳವೆ ಹಿಡಿದ ಬಾಯಿ ಬೇರೆ ಏನು ಮಾಡೀತು? ಪುಡಿಯೆಲ್ಲ ಹೊಟ್ಟೆಗೆ ಹೋಗಿ ಬೇಳೆ ಅರಗಿದ ಹಾಗೆ ಅರಗಿಹೋಗಿತ್ತು. ಊದುವ ಪರೀಕ್ಷೆಯಲ್ಲಿ ಶಹಬ್ಬಾಸ್‌ಗಿರಿ ಕೊಟ್ಟವರು ಯಾರೂ ಒಳಗೆಳೆಯುವುದನ್ನು ಪರೀಕ್ಷಿಸಿರಲಿಲ್ಲ. ಹಸಿರು ದೀಪವನ್ನು ನಂಬಿ ಕೂತಿದ್ದರು.

"ತಪ್ಪು ನಮ್ಮದೂ ಐತ್ರಿ" ಎಂದರು ತಬಸ್ಸುಮ್. "ಇರ್ಲಿ, ಮೂಗಿಗೆ ಚಿಮಟಿ ಹಾಕಿ ನೋಡೋಣು."

ಮೂಗಿಗೆ ಚಿಮಟಿ ಹಾಕಿದರು. ಕೊಳವೆ ತುಟಿಗೆ ತಾಗಿತು. ಮೂಗು ಕಟ್ಟಿದ ಮಾನಪ್ಪ ಒಂದು ಗಳಿಗೆ ಕಣ್ಣುಕಣ್ಣು ಬಿಟ್ಟು, ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಊದಿದ. ಎದೆಯ ಗಾಳಿಯನ್ನೆಲ್ಲ ಕೂಡಿಸಿ ಊದಿದ. ನಿದ್ದೆಪುಡಿಯೆಲ್ಲ ತಬಸ್ಸುಮ್ ಅವರ ಕನ್ನಡಕದ ಮೇಲೆ ಹೋಗಿ ಕೂತಿತು. ಅಂಬವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಡಾಕ್ಟರಬಾಯಿಯೂ ನಕ್ಕರು, ಮಾನಪ್ಪ ಮಾತ್ರ ನಗಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರು. ಕೊಳವೆ ಬದಲಾಯಿಸಿದರು, ಮಲಗಿಸಿ ನೋಡಿದರು, ಕಣ್ಣು ಮುಚ್ಚಿಸಿ ನೋಡಿದರು. ತುಟಿಗೆ ಏನು ತಾಗಿದರೂ ಗಂಟಲ ಬಾಗಿಲು ಬೀಳುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಸುಡುವ ಬೆಂಕಿಯ ಮುಂದೆಯೇ ಕಲಿತ ಗುಣ, ಹೋಗುವುದು ಹೇಗೆ?

ಕೊನೆಗೆ ತಬಸ್ಸುಮ್ ಕುರ್ಚಿ ಎಳೆದುಕೊಂಡು ಅವನ ಎದುರು ಕೂತರು. "ಕಾಕಾರ, ನಿಮ್ಮನ್ನ ಹಿಂಗ ಬಿಡಾಕ ಬರಂಗಿಲ್ರಿ. ಸಕ್ರಿ ಹಿಂಗ ಇದ್ರ ಕಣ್ಣು ಹೊಕ್ಕಾವು. ಮುಂದಿನ ವಾರದಿಂದ ಸೂಜಿ ಚಾಲೂ ಮಾಡ್ಬೇಕು. ಸೀಟಿ ತಿರುಗಿ ತಗೋಬೇಕಾಗ್ತೈತಿ."

ಮಾನಪ್ಪ ಸೀಟಿಯನ್ನು ಮುಷ್ಟಿಯೊಳಗೆ ಬಿಗಿಹಿಡಿದ. ಅಂಬವ್ವನೇ ಮಾತಾಡಿದಳು. "ಹಂಗಾರ ನೀವ ಬರ್ರಿ ಬಾಯಾರ. ಮುಂದಿನ ವಾರನ ಕೂಸಿನ ಕಿವಿ ಚುಚ್ಚೂದೈತಿ. ಸೀಟಿ ತಗೊಂಡಂಗೂ ಆತು, ಹೋಳಿಗಿ ಉಂಡಂಗೂ ಆತು."

ಆ ದಿನ ಮನೆಯ ಪಡಸಾಲೆ ತುಂಬ ಜನ. ತಬಸ್ಸುಮ್ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಇನ್ಸುಲಿನ್ ಪೆಟ್ಟಿಗೆ. ಮಾನಪ್ಪ ಅದರ ಕಡೆ ನೋಡದಿರಲು ಬಹಳ ಕಷ್ಟಪಡುತ್ತಿದ್ದ. ಗಂಗಾಧರ ಅಪ್ಪನನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದ.

"ಅಪ್ಪಾ, ಕಿವಿ ಚುಚ್ಚೂ ಮಷೀನ್ ಐತಿ. ಗುಂಡಿ ಒತ್ತಿದ್ರ ಆತು. ನಾನ ಚುಚ್ಚತೀನಿ."

"ನೀ ಸೋದರಮಾವ. ನಿನ್ನ ಕೆಲಸ ತೊಡೀ ಕೊಡೂದು. ಚುಚ್ಚೂದು ನನ್ನ ಕೆಲಸ."

"ಕಣ್ಣು..."

"ಕೈಗೆ ಗೊತ್ತೈತಿ."

ಸುವರ್ಣಾ ಕಾಡಿಗೆಯಲ್ಲಿ ಎರಡೂ ಕಿವಿಗೆ ದೊಡ್ಡ ಚುಕ್ಕೆ ಇಟ್ಟಳು. ಗಂಗಾಧರ ತಂಗಿಯ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡ. ಕೂಸು ಬೆಲ್ಲದ ಚೂರು ಚೀಪುತ್ತ ಅಜ್ಜನ ಮುಖ ನೋಡಿ ನಕ್ಕಿತು. ಮಾನಪ್ಪ ಚಿನ್ನದ ತಂತಿ ಹಿಡಿದ. ಬಲಗಿವಿಗೆ ತಂತಿ ಹೋಯಿತು.

ಕೂಸಿನ ಬಾಯಿ ತೆರೆಯಿತು. ಸದ್ದಿಲ್ಲ. ಪುಟ್ಟ ಎದೆ ಏರಿತು, ಏರುತ್ತಲೇ ಹೋಯಿತು. ಮಾನಪ್ಪನ ಕೈ ಎಡಗಿವಿಗೆ ಹಾರಿತು, ತಂತಿ ತೂರಿತು. ಆಮೇಲೆ ಪಡಸಾಲೆ ಬಿರಿಯುವಂಥ ಅಳು. ಕೂಸನ್ನು ಎತ್ತಿಕೊಂಡ ಸುವರ್ಣಾ ಎಡಗಿವಿಯನ್ನು ಒಂದು ಗಳಿಗೆ ದಿಟ್ಟಿಸಿ, ಅಣ್ಣನ ಮುಖ ನೋಡಿ, ತಟ್ಟನೆ ಕೊಬ್ಬರಿ ಎಣ್ಣೆ ಅರಿಸಿನ ಹಚ್ಚಿ ಸೆರಗು ಮುಚ್ಚಿದಳು. "ಭಾಳ ಚಲೋ ಆತಪ್ಪಾ" ಎಂದಳು.

ಆದರೆ ತಬಸ್ಸುಮ್ ಕೂಸನ್ನು ನೋಡುತ್ತಿರಲಿಲ್ಲ. ಅವರು ಎದ್ದು ನಿಂತಿದ್ದರು.

"ಕಾಕಾರ! ಈಗ ನೀವು ಏನ್ ಮಾಡಿದ್ರಿ?"

"ಕಿವಿ ಚುಚ್ಚಿದೆ."

"ಅದಲ್ರಿ. ಕೂಸು ಬಾಯಿ ತಗದಾಗ ನೀವೂ ತಗದ್ರಿ. ಅದು ಉಸಿರು ಎಳಕೊಂಡಾಗ ನೀವೂ ಎಳಕೊಂಡ್ರಿ. ಇಡೀ ಎದಿ ತುಂಬಿತು, ನಾ ಕಣ್ಣಾರೆ ನೋಡೀನಿ!"

ಅಂಬವ್ವ ನಕ್ಕಳು. "ಯಾವಾಗ್ಲೂ ಹಂಗ ರೀ ಅವರು. ಕೂಸು ಹಾ ಅಂದ್ರ ಇವರೂ ಹಾ. ನಾನೂ ಅಂತೀನಿ. ಇಲ್ಲಿ ಕುಂತವ್ರೆಲ್ಲಾ ಅಂದ್ರು, ನೀವೂ ಅಂದಿರಬೇಕು."

ಅಂದಿದ್ದರು. ಅದನ್ನು ನೆನೆದ ಕೂಡಲೇ ತಬಸ್ಸುಮ್‌ಗೆ ಮೈಯೆಲ್ಲ ರೋಮಾಂಚನವಾಯಿತು. ಮಗುವಿಗೆ ನೋವಾದರೆ ಸುತ್ತ ಕೂತ ಎದೆಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ಅದನ್ನು ಯಾರೂ ಕಲಿಸಿದ್ದಲ್ಲ, ಯಾವ ವಿದ್ಯೆಯೂ ಅದನ್ನು ಅಳಿಸಿರಲಿಲ್ಲ. ಊದುಗೊಳವೆ ಮಾನಪ್ಪನ ಬಾಯಿಗೆ ಬರುವುದಕ್ಕೂ ಮೊದಲು ಆ ಉಸಿರು ಅವನಲ್ಲಿತ್ತು. ತುಟಿಗೆ ಏನೂ ತಾಗದಿದ್ದರೆ ಸಾಕು, ಗಂಟಲ ಬಾಗಿಲು ತೆರೆದೇ ಇರುತ್ತಿತ್ತು. ಅವರು ಇನ್ಸುಲಿನ್ ಪೆಟ್ಟಿಗೆಯನ್ನು ಅಂಬವ್ವನ ಕೈಗೆ ಕೊಟ್ಟು, "ಸದ್ಯಕ್ಕ ಇದು ತಪ್ಪಂಗಿಲ್ಲ. ನನಗ ನಾಲ್ಕು ದಿನ ಕೊಡ್ರಿ" ಎಂದು, ಹೋಳಿಗೆಯನ್ನು ಕಟ್ಟಿಸಿಕೊಂಡೇ ಹೊರಟುಬಿಟ್ಟರು.

ಆ ನಾಲ್ಕು ದಿನ ಮಾನಪ್ಪ ಹಲ್ಲು ಕಚ್ಚಿ ಸೂಜಿ ಚುಚ್ಚಿಸಿಕೊಂಡ. ಬಚ್ಚಲಮನೆಗೆ ಓಡಲಿಲ್ಲ. ಅಂಬವ್ವನಿಗೆ ಇದು ಎಂಟನೆಯ ಅದ್ಭುತವಾಗಿ ಕಂಡಿತು.

ಧಾರವಾಡದ ಕತ್ತಲೆ ಕೋಣೆಯಲ್ಲಿ ಈ ಸಲ ಸೀಟಿ ಇರಲಿಲ್ಲ. ಅಗಲ ಬಾಯಿಯ ಒಂದು ಪುಟ್ಟ ಬಟ್ಟಲಿತ್ತು. ತುಟಿಗೆ ತಾಗಿಸುವಂತಿಲ್ಲ, ತೆರೆದ ಬಾಯಿಯ ಮುಂದೆ ಹಿಡಿದರೆ ಸಾಕು, ಒಳಗೆ ಹೋಗುವ ಗಾಳಿಯೇ ಪುಡಿಯನ್ನು ಎತ್ತಿಕೊಂಡು ಹೋಗುತ್ತದೆ. ಅಂಬವ್ವ ಗಾಜಿನ ಆಚೆ ನಿಂತಿದ್ದಳು.

"ಕಣ್ಣು ಮುಚ್ಚಿರಿ ಕಾಕಾರ. ನಿಮ್ಮ ಮೊಮ್ಮಗಳು ನಿಮ್ಮ ಮುಂದ ಕುಂತಾಳ. ಕೈಯಾಗ ತಂತಿ ಐತಿ. ಈಗ ಚುಚ್ಚಿದ್ರಿ."

ಮಾನಪ್ಪನಿಗೆ ಬೆಲ್ಲ ಚೀಪುವ ಆ ನಗು ಕಂಡಿತು. ತಂತಿ ಹೋದದ್ದು ಕಂಡಿತು. ಅವನ ಬಾಯಿ ತಾನಾಗಿ ತೆರೆಯಿತು.

"ಕಣ್ಣು ತೆರೀರಿ" ಎಂದರು ತಬಸ್ಸುಮ್.

ಅವನ ಮಸುಕು ಕಣ್ಣಿಗೂ ಕಾಣುವಷ್ಟು ದೊಡ್ಡದಾಗಿ, ಗೋಡೆಯ ತುಂಬ, ಒಂದು ಮರ ಬೆಳಗುತ್ತಿತ್ತು. ಬುಡ ಮೇಲೆ, ಕೊಂಬೆ ಕೆಳಗೆ. ಬೆಳಕು ಗಂಟಲಿನಿಂದ ಇಳಿದು ಎರಡಾಗಿ ಒಡೆಯಿತು, ಎರಡು ನಾಲ್ಕಾಯಿತು, ನಾಲ್ಕು ಲೆಕ್ಕಕ್ಕೆ ಸಿಗದಷ್ಟಾಯಿತು. ಕೊಂಬೆಗೆ ರೆಂಬೆ, ರೆಂಬೆಗೆ ಕಡ್ಡಿ, ಕಡ್ಡಿಯ ತುದಿಗೆ ಚಿಗುರು. ಕೊನೆಗೆ ರೆಂಬೆಗಳೂ ಕಾಣದಂತೆ ಎದೆಯ ಎರಡೂ ಕಡೆ ತಳದ ತನಕ ಹೊಳೆಯುವ ಹುಡಿ ತುಂಬಿತು. ಅವನು ಉಸಿರು ಬಿಟ್ಟ. ಬೆಳಕು ಹೊರಗೆ ಬರಲಿಲ್ಲ. ಅಲ್ಲೇ ಕೂತಿತು.

ಇಷ್ಟು ವರ್ಷ ಅವನು ಬೆಂಕಿಗೆ ಊದಿದ್ದ. ಅವನ ಉಸಿರೆಲ್ಲ ಹೊರಗಿನ ಕೆಲಸಕ್ಕೆ, ಯಾರದೋ ಕೊರಳಿಗೆ, ಯಾರದೋ ಮೂಗಿಗೆ. ಒಳಗೆ ಹೋಗುವ ಉಸಿರು ಇಂಥ ಜಾಗದಲ್ಲಿ ಓಡಾಡುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ಇದು ತನ್ನ ಎದೆ. ಇದು ಅಂಬವ್ವನ ಎದೆಯಲ್ಲೂ ಇದೆ, ಆ ಕೂಸಿನ ಅಂಗೈಯಗಲದ ಎದೆಯಲ್ಲೂ ಇದೆ. ಅವನು ಎರಡೂ ಕೈ ಜೋಡಿಸಿದ. ಗೋಡೆಗೆ ಜೋಡಿಸಿದನೋ ಡಾಕ್ಟರಬಾಯಿಗೆ ಜೋಡಿಸಿದನೋ ಅವನಿಗೇ ತಿಳಿಯಲಿಲ್ಲ.

"ಬಾಯಾರ, ಇಷ್ಟು ಚಂದ ನನ್ನೊಳಗ ಇತ್ತನ್ರಿ?"

ತಬಸ್ಸುಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಜ್ಜನ ಎದೆಯ ಚಿತ್ರವನ್ನು ಅವರು ಚಿಕ್ಕವರಿದ್ದಾಗ ನೋಡಿದ್ದರು. ಅಲ್ಲಿ ಮರ ಇರಲಿಲ್ಲ, ಬರೀ ಮಂಜಿತ್ತು. "ಎಲ್ಲಾರೊಳಗೂ ಇರ್ತೈತ್ರಿ" ಎಂದಷ್ಟೇ ಹೇಳಿದರು.

ಊಟ ತರಿಸಿದರು. ಅನ್ನ, ಸಾರು, ಅಂಬವ್ವ ತಂದಿದ್ದ ಒಂದು ಹೋಳಿಗೆಯನ್ನೂ ಬೇಕೆಂದೇ ಬಡಿಸಿದರು. ಎಲ್ಲರೂ ಫೋನು ಹಿಡಿದು ಕೂತರು. ಅಂಕಿ ಏರಿತು, ಏರುತ್ತ ಬಂದು ನಿಧಾನಿಸಿತು, ನಿಂತಿತು. ಗೋಡೆಯ ಮೇಲೆ ಮರದ ಕೆಲವು ಚಿಗುರುಗಳು ಒಂದೊಂದಾಗಿ ಮಂಕಾಗತೊಡಗಿದ್ದವು. ಕಣಗಳು ಎಚ್ಚತ್ತು ಕವಚ ಬಿಚ್ಚಿ, ಆ ವರಖಿನ ಗೋಡೆ ದಾಟಿ ರಕ್ತಕ್ಕೆ ಇಳಿಯುತ್ತಿದ್ದವು. ಅಂಕಿ ಇಳಿಯಿತು. ಅಂಬವ್ವ ಫೋನನ್ನು ಕಣ್ಣಿಗೊತ್ತಿಕೊಂಡಳು.

ಪ್ರಯೋಗದಲ್ಲಿ ಇನ್ನೂ ಕೆಲವರಿಗೆ ಪುಡಿ ಹತ್ತಿರಲಿಲ್ಲ. ವಿಚಾರಿಸಿದರೆ ಒಬ್ಬ ಶಹನಾಯಿ ನುಡಿಸುವವ, ಒಬ್ಬಾಕೆ ಜೀವಮಾನವಿಡೀ ಕಟ್ಟಿಗೆ ಒಲೆ ಊದಿದವಳು. ಕೇಂದ್ರದವರು ಸೀಟಿಯನ್ನೇ ಕೈಬಿಟ್ಟು ಎಲ್ಲರಿಗೂ ಬಟ್ಟಲು ಕೊಟ್ಟರು. ಮಾನಪ್ಪ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಬಟ್ಟಲು ಎತ್ತಿದರೆ, ಎದುರು ಮನೆಯ ಮಕ್ಕಳು ಸಾಲಾಗಿ ನಿಂತು ಅವನ ಜೊತೆ "ಹಾ" ಎನ್ನುತ್ತಿದ್ದವು. ಅಂಬವ್ವ ಕೆಲವು ದಿನ ಅಭ್ಯಾಸಬಲದಿಂದ ಬಚ್ಚಲಮನೆಯ ಬಾಗಿಲಿಗೆ ಹೋಗಿ ನಿಂತು, ತಾನೇ ನಕ್ಕು ವಾಪಸು ಬರುತ್ತಿದ್ದಳು.

ಕಣ್ಣು ಒಮ್ಮೆಲೇ ತಿಳಿಯಾಗಲಿಲ್ಲ. ಮಂಜು ಸರಿದ ಹಾಗೆ, ಇವತ್ತೊಂದಿಷ್ಟು ನಾಳೆಯೊಂದಿಷ್ಟು. ಬೆಂಕಿಯ ನಾಲಿಗೆಗೆ ಮತ್ತೆ ಅಂಚು ಬಂತು. ಗುಂಡಿನ ಸರದ ಗುಂಡುಗಳು ಬೇರೆಬೇರೆಯಾದವು.

ಒಂದು ಮಧ್ಯಾಹ್ನ ಎಲ್ಲರೂ ಅಂಗಡಿಯಲ್ಲಿದ್ದಾಗ ಸುವರ್ಣಾ ಕೂಸಿನೊಂದಿಗೆ ಬಂದಳು. ಕಿವಿ ಚುಚ್ಚಿದ ಮೇಲೆ ಎಷ್ಟು ಸಲ ಬಂದರೂ ಅವಳು ಕೂಸನ್ನು ಅಜ್ಜನ ಎಡ ತೊಡೆಯ ಮೇಲೆ, ಬಲಗೆನ್ನೆ ಅವನ ಕಡೆ ಬರುವಂತೆಯೇ ಕೂಡಿಸುತ್ತಿದ್ದಳು. ಅವತ್ತೂ ಹಾಗೇ ಕೂಡಿಸಿದಳು. ಕೂಸು ಮಾತ್ರ ಈಗ ಹೇಳಿದ ಹಾಗೆ ಕೂರುವ ಕೂಸಲ್ಲ. ತಿರುಗಿ ಅಜ್ಜನ ಮೀಸೆಗೆ ಕೈ ಹಾಕಿತು. ಎಡಗಿವಿ ಅವನ ಕಣ್ಣಿನ ಮುಂದೆ ಬಂತು.

ಮಾನಪ್ಪ ನೋಡಿದ. ಬಲಗಿವಿ ನೋಡಿದ. ಮತ್ತೆ ಎಡಗಿವಿ ನೋಡಿದ. ಎಡಗಿವಿಯ ತೂತು ಒಂದು ಎಳ್ಳು ಕೆಳಗಿತ್ತು, ಒಂದಿಷ್ಟು ಕೆನ್ನೆಯ ಕಡೆ ಸರಿದಿತ್ತು. ಅವನ ಇಡೀ ಜೀವಮಾನದಲ್ಲಿ ಅವನ ಕೈಯಿಂದ ಸೊಟ್ಟಗಾದ ಒಂದೇ ಒಂದು ಕಿವಿ.

ಅಂಬವ್ವ ನೆಲ ನೋಡಿದಳು. ಗಂಗಾಧರ ಲೇಸರ್ ಯಂತ್ರ ಒರೆಸತೊಡಗಿದ. ಸುವರ್ಣಾಳ ಮುಖ ಬಾಡಿತು.

"ಎಲ್ಲಾರಿಗೂ ಗೊತ್ತಿತ್ತು?" ಎಂದು ಕೇಳಿದ ಮಾನಪ್ಪ.

"ಗೊತ್ತಿತ್ರಿ" ಎಂದಳು ಅಂಬವ್ವ. "ಕಾಣಲಾರದವಗ ಏನಂತ ಹೇಳೂದು?"

ಮಾನಪ್ಪ ಆ ಪುಟ್ಟ ಕಿವಿಯನ್ನು ಎರಡು ಬೆರಳಿನಲ್ಲಿ ಹಿಡಿದ. ಎಳ್ಳಿನಷ್ಟು ಅಂತರ. ಅದರ ಪಕ್ಕದಲ್ಲಿ ಎಳೆಗೂದಲು ಒಂದೊಂದಾಗಿ ಕಾಣುತ್ತಿತ್ತು, ಬಿಸಿಲಿಗೆ ಕೆಂಪಗೆ ಹೊಳೆಯುವ ಕಿವಿಯ ತೆಳು ಕಾಣುತ್ತಿತ್ತು, ಆ ತೆಳುವಿನೊಳಗೆ ಓಡುವ ನರದ ಎಳೆ ಕಾಣುತ್ತಿತ್ತು. ಅವನ ಬಾಯಿ ತೆರೆಯಿತು. ಉಸಿರು ಒಳಗೆ ಹೋಯಿತು, ಎದೆಯ ತಳದ ತನಕ ಹೋಯಿತು. ಮೊಮ್ಮಗಳು ಅಜ್ಜನನ್ನು ನೋಡಿ ತಾನೂ ಬಾಯಿ ತೆರೆದಳು.

"ಸೊಟ್ಟಾಗೇತಿ!" ಎಂದು ಮಾನಪ್ಪ ಓಣಿಗೆಲ್ಲ ಕೇಳುವ ಹಾಗೆ ಕೂಗಿ, ಕೂಸಿನಂತೆ ಅತ್ತ. "ಅಂಬವ್ವಾ, ಸೊಟ್ಟಾಗಿದ್ದು ನನಗ ಕಾಣಾಕತ್ತೈತಿ!"